ನಾರ್‌ಅಡ್ರಿನಲಿನ್ ನ್ಯೂರಾನ್‌ಗಳನ್ನ ಸುಮ್ಮನಾಗಿಸುತ್ತೆ ಅಂದ್ರೆ ಕೇಳಿಸೋದು ಕಮ್ಮಿ ಆಗ್ಬೇಕಲ್ವಾ?

ತುಂಗಾತೀರ:
ನಮಸ್ಕಾರ, ನಾನು ಆಡಿಯಾಲಜಿ (ಶ್ರವಣ ವಿಜ್ಞಾನ) ಓದ್ತಿದೀನಿ, ಸೆಮಿನಾರ್‌ಗೆ ಮೆದುಳಿನ ಶ್ರವಣ ಮಾರ್ಗದಲ್ಲಿರೋ ನಾರ್‌ಅಡ್ರಿನಲಿನ್ (ನರಕೋಶಗಳು ಸಂದೇಶ ಕಳಿಸೋಕೆ ಬಳಸೋ ಒಂದು ಕೆಮಿಕಲ್ಲು) ರಿಸೆಪ್ಟರ್‌ಗಳ, ಅಂದ್ರೆ ಅದನ್ನ ಹಿಡಿಯೋ ಗ್ರಾಹಕಗಳ ಟಾಪಿಕ್ ಬಂದಿದೆ. ಲೋಕಸ್ ಸೆರೂಲಿಯಸ್‌ನಿಂದ (ಮೆದುಳುಕಾಂಡದಲ್ಲಿ ನಾರ್‌ಅಡ್ರಿನಲಿನ್ ತಯಾರಿಸೋ ಪುಟ್ಟ ಕೇಂದ್ರ) ಹೊರಟ ನರತಂತುಗಳು ಕಾಕ್ಲಿಯರ್ ನ್ಯೂಕ್ಲಿಯಸ್ (ಕಿವಿಯ ನರ ಮೆದುಳಲ್ಲಿ ಮೊದಲು ಸೇರೋ ಜಾಗ), ಇನ್ಫೀರಿಯರ್ ಕಾಲಿಕ್ಯುಲಸ್ (ನಡುಮೆದುಳಿನ ಶ್ರವಣ ಕೇಂದ್ರ), ಆಡಿಟರಿ ಕಾರ್ಟೆಕ್ಸ್ (ಮೆದುಳಿನ ಹೊರಪದರದ ಶ್ರವಣ ಭಾಗ) ಎಲ್ಲಾ ಕಡೆ ಹೋಗುತ್ತೆ, ಅದು ಅರ್ಥ ಆಯ್ತು. ಆದ್ರೆ ನಾವು ಎಚ್ಚೆತ್ತಾಗ, ಬೆಚ್ಚಿಬಿದ್ದಾಗ ಜಾಸ್ತಿ ಬಿಡುಗಡೆ ಆಗೋ ಇದೇ ಕೆಮಿಕಲ್ಲು ಕಾರ್ಟೆಕ್ಸ್ ನ್ಯೂರಾನ್‌ಗಳ (ನರಕೋಶಗಳ) ಫೈರಿಂಗ್, ಅಂದ್ರೆ ವಿದ್ಯುತ್ ಮಿಡಿತ, ತಗ್ಗಿಸುತ್ತೆ ಅಂತ ಬರೆದಿದಾರೆ. ಇದು ಹೇಗೆ ಸರಿಹೋಗುತ್ತೆ ಯಾರಾದ್ರೂ ಬಿಡಿಸಿ ಹೇಳ್ತೀರಾ?

ನರಜಾಲ:
ಒಳ್ಳೆ ಪ್ರಶ್ನೆ. ಯಾವ ಫೈರಿಂಗ್ ಎಷ್ಟು ಕಮ್ಮಿ ಆಗುತ್ತೆ ಅನ್ನೋದನ್ನ ಬೇರೆ ಬೇರೆಯಾಗಿ ನೋಡಿ. 1975ರಲ್ಲಿ ಫೂಟ್, ಫ್ರೀಡ್‌ಮನ್, ಆಲಿವರ್ ಅನ್ನೋರು ಎಚ್ಚರವಾಗಿದ್ದ ಸ್ಕ್ವಿರಲ್ ಮಂಕಿಗಳ ಆಡಿಟರಿ ಕಾರ್ಟೆಕ್ಸ್‌ಗೆ ನಾರ್‌ಅಡ್ರಿನಲಿನ್ ಹಾಕಿ ಇದನ್ನೇ ನೋಡಿದ್ರು, ಶಬ್ದ ಇಲ್ಲದಾಗ ತಾನಾಗೇ ಆಗೋ ಫೈರಿಂಗ್ ಜಾಸ್ತಿ ಇಳೀತು, ಕೋತಿ ಕೂಗಿಗೆ ಬರೋ ರೆಸ್ಪಾನ್ಸ್ ಅಷ್ಟು ಇಳೀಲಿಲ್ಲ. ಸಂತೆ ಗದ್ದಲ ತಗ್ಗಿದ್ರೆ ಪಕ್ಕದಲ್ಲಿರೋರು ದನಿ ಏರಿಸದೇನೇ ಮಾತು ಕೇಳ್ಸುತ್ತಲ್ಲ, ಹಾಗೆ.

ಸಿನಾಪ್ಸ್_ಹುಚ್ಚು:
ಇದಕ್ಕೆ ಸೇರಿಸ್ತೀನಿ, ರಿಸೆಪ್ಟರ್ ಯಾವ್ದು ಅನ್ನೋದನ್ನ ಬಿಟ್ಟು ಮಾತಾಡಿದ್ರೆ ಏನೂ ಅರ್ಥ ಆಗಲ್ಲ. ಆಲ್ಫಾ-1 ಸಾಮಾನ್ಯವಾಗಿ ಜೀವಕೋಶನ ಕೆರಳಿಸುತ್ತೆ, ಆಲ್ಫಾ-2 ತಣ್ಣಗಾಗಿಸುತ್ತೆ, ಬೀಟಾ ಸೈಕ್ಲಿಕ್ ಎಎಂಪಿ (ಕೋಶದೊಳಗೆ ಸಂದೇಶ ಒಯ್ಯೋ ಅಣು) ಏರಿಸುತ್ತೆ. ನನಗೆ ತುಂಬಾ ಇಷ್ಟವಾದ ಕೆಲಸ ಅಂದ್ರೆ ಕುವೋ ಮತ್ತೆ ಟ್ರಸೆಲ್ 2011ರಲ್ಲಿ ಇಲಿ ಮೆದುಳಿನ ಸ್ಲೈಸ್‌ನಲ್ಲಿ (ತೆಳುವಾಗಿ ಕತ್ತರಿಸಿದ ತುಂಡಲ್ಲಿ), ಡಾರ್ಸಲ್ ಕಾಕ್ಲಿಯರ್ ನ್ಯೂಕ್ಲಿಯಸ್, ಅಂದ್ರೆ ಕಾಕ್ಲಿಯರ್ ನ್ಯೂಕ್ಲಿಯಸ್‌ನ ಬೆನ್ನುಭಾಗದ ಮೇಲೆ ಮಾಡಿದ್ದು. ಅಲ್ಲಿ ಕಾರ್ಟ್‌ವೀಲ್ ಅನ್ನೋ ಕೋಶಗಳು ಸಿಗ್ನಲ್‌ನ ಮುಂದಕ್ಕೆ ಕಳಿಸೋ ಫ್ಯೂಸಿಫಾರ್ಮ್ ಕೋಶಗಳನ್ನ ತಡೀತವೆ, ಆದ್ರೆ ಸುಮ್ಸುಮ್ನೆ ಫೈರ್ ಆಗ್ತಾನೇ ಇರೋದ್ರಿಂದ ಕಾರ್ಟ್‌ವೀಲ್ ಕೋಶಗಳ ಸಿನಾಪ್ಸ್ (ಇನ್ನೊಂದು ಕೋಶಕ್ಕೆ ಸಂದೇಶ ದಾಟೋ ಜಾಗ) ಬಳಲಿ ಹೋಗಿರುತ್ತೆ. ನಾರ್‌ಅಡ್ರಿನಲಿನ್ ಆಲ್ಫಾ-2 ಮೂಲಕ ಆ ವ್ಯರ್ಥ ಫೈರಿಂಗ್ ನಿಲ್ಲಿಸುತ್ತೆ, ಸಿನಾಪ್ಸ್ ಚೇತರಿಸ್ಕೊಳ್ಳುತ್ತೆ, ಆಮೇಲೆ ನಿಜವಾದ ಸಿಗ್ನಲ್ ಬಂದಾಗ ತಡೆ ಮೊದಲಿಗಿಂತ ಗಟ್ಟಿಯಾಗಿ ಬೀಳುತ್ತೆ. ಅಂದ್ರೆ ಕೋಶನ ಸುಮ್ಮನಾಗಿಸಿದ್ದಕ್ಕೇ ಅದರ ಮಾತಿಗೆ ತೂಕ ಬಂತು! ಸೆಮಿನಾರ್‌ನಲ್ಲಿ ಇದೊಂದನ್ನ ಬೋರ್ಡ್ ಮೇಲೆ ಚಿತ್ರ ಬರೆದು ತೋರಿಸಿ ಸಾಕು.

ಹಳೇಬೇರು:
ನಮ್ಮ ತಂದೆಗೆ ಕಿವೀಲಿ ಗುಂಯ್ ಅಂತ ಸದ್ದು ಬರುತ್ತೆ, ಬಿಪಿಗೆ ಕ್ಲೋನಿಡಿನ್ ತಗೋತಾರೆ, ಅದೂ ಆಲ್ಫಾ-2 ಮೇಲೇ ಕೆಲಸ ಮಾಡೋದು ಅಂತ ಓದಿದೆ. ಡೋಸ್ ಬದಲಾಯಿಸಿದ್ರೆ ಸದ್ದು ಕಮ್ಮಿ ಆಗಬಹುದಾ?

ನರಜಾಲ:
ದಯವಿಟ್ಟು ನೀವಾಗೇ ಬದಲಾಯಿಸಬೇಡಿ. ಕ್ಲೋನಿಡಿನ್ ತಟ್ಟನೆ ನಿಲ್ಲಿಸಿದ್ರೆ ಬಿಪಿ ಅಪಾಯಕಾರಿಯಾಗಿ ಏರಬಹುದು. ಸ್ಲೈಸ್‌ನಲ್ಲಿ ಕಂಡಿದ್ದು ಮನುಷ್ಯರ ಟಿನಿಟಸ್‌ಗೆ (ಕಿವೀಲಿ ಗುಂಯ್ ಅನ್ನೋದಕ್ಕೆ) ಔಷಧಿ ಅಂತ ಆಗಲ್ಲ. ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ, ಹಿಯರಿಂಗ್ ಟೆಸ್ಟ್ ಮಾಡಿಸಿ, ಔಷಧಿಗಳ ಪಟ್ಟಿ ಜೊತೇಲೇ ಇರ್ಲಿ.

ತುಂಗಾತೀರ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಇದರಿಂದ ನಮ್ಮ ಕ್ಲಿನಿಕ್ ಕಡೆಗೆ ಏನಾದ್ರೂ ದಾರಿ ಇದೆಯಾ?

ಸಿನಾಪ್ಸ್_ಹುಚ್ಚು:
ಇದೆ, 2022ರ ನೇಚರ್‌ನಲ್ಲಿ ಗ್ಲೆನನ್, ಫ್ರೋಮ್ಕೆ ತಂಡದ ಪೇಪರ್ ಓದಿ. ಕಿವುಡು ಮಾಡಿದ ಇಲಿಗಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಬ್ದನ ವಿದ್ಯುತ್ ಸಿಗ್ನಲ್ ಮಾಡಿ ಕಿವಿಯ ನರಕ್ಕೆ ಕೊಡೋ ಯಂತ್ರ) ಹಾಕಿ, ಜೊತೆಗೆ ಲೋಕಸ್ ಸೆರೂಲಿಯಸ್‌ನ ಚುರುಕುಗೊಳಿಸಿದಾಗ ಅವು ಶಬ್ದ ಗುರುತಿಸೋದನ್ನ ಬೇಗ ಕಲಿತ್ವು. ಇಂಪ್ಲಾಂಟ್ ಆದ್ಮೇಲೆ ಕೆಲವರಿಗೆ ಬೇಗ ಮಾತು ತಿಳಿಯುತ್ತೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕಾಗುತ್ತೆ, ಈ ವ್ಯತ್ಯಾಸಕ್ಕೆ ಯಂತ್ರದ ಆಚೆ ಮೆದುಳಲ್ಲೂ ಕಾರಣ ಹುಡುಕ್ಬೇಕು ಅನ್ನೋದಕ್ಕೆ ಇದು ಒಳ್ಳೆ ಆಧಾರ. ಸ್ಲೈಡ್ಸ್ ಆದ್ಮೇಲೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.