ಫ್ರೆಂಚ್ ಅಶ್ವದಳದ ಕತ್ತಿ: ಮೊದಲು ಅಲಗಿನ ಬೆನ್ನು ಓದಿ

ಪ್ರಶ್ನೆ: ನಮಸ್ಕಾರ ಸರ್. ಒಬ್ಬರು ಹಳೆಯ ಕತ್ತಿಯೊಂದನ್ನು ಮಾರಾಟಕ್ಕಿಟ್ಟಿದ್ದಾರೆ. ಬಾಗಿದ ಅಲಗು, ಬೆರಳು ಕಾಯಲು ಮೂರು ಹಿತ್ತಾಳೆ ಕಂಬಿ, ಕಬ್ಬಿಣದ ಒರೆಗೆ ಎರಡು ಬಳೆ. ಟಿಪ್ಪುವಿನ ಬಳಿ ಇದ್ದ ಫ್ರೆಂಚ್ ಸವಾರರದ್ದು ಅನ್ನುತ್ತಿದ್ದಾರೆ. ಅಲಗಿನ ಬೆನ್ನಿನ ಮೇಲೆ, ಅಂದರೆ ಹರಿತವಿಲ್ಲದ ದಪ್ಪ ಅಂಚಿನ ಮೇಲೆ, ಓರೆ ಅಕ್ಷರದಲ್ಲಿ ಏನೋ ಕೊರೆದಿದೆ. ‘ಶಾತೆಲ್ರೋ’ ಮತ್ತು ‘1834’ ಮಾತ್ರ ಓದಲು ಬಂತು. ಅಲಗು ಮೂವತ್ತಾರೂಕಾಲು ಇಂಚು. ತೆಗೆದುಕೊಳ್ಳಬಹುದಾ?

ಉತ್ತರ: ನಮಸ್ಕಾರ. ಟಿಪ್ಪುವಿನ ಮಾತು ಮೊದಲು ಪಕ್ಕಕ್ಕಿಡಿ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಶಾತೆಲ್ರೋ ಫ್ರಾನ್ಸಿನ ಒಂದು ಊರು, ಅಲ್ಲಿನ ಸರ್ಕಾರಿ ಆಯುಧ ಕಾರ್ಖಾನೆ ಶುರುವಾದದ್ದೇ 1819ರಲ್ಲಿ. ಮಾರುವವರು ಹೇಳುವ ಕತೆಯನ್ನು ಕತ್ತಿಯೇ ಸುಳ್ಳು ಮಾಡುತ್ತಿದೆ.

ಹಾಗಂತ ಕತ್ತಿ ಕೆಟ್ಟದ್ದಲ್ಲ. ಮೂವತ್ತಾರೂಕಾಲು ಇಂಚು ಅಂದರೆ 92 ಸೆಂ.ಮೀ. ಬಾಗಿದ ಅಲಗು, ಮೂರು ಕಂಬಿ, 92 ಸೆಂ.ಮೀ. ಎಲ್ಲವೂ ಹಗುರ ಅಶ್ವದಳದ 1822ರ ಮಾದರಿಗೆ ಹೊಂದುತ್ತವೆ. ಒಂದು ವಿಷಯ ಖಚಿತಪಡಿಸಿಕೊಳ್ಳಿ: ಟೇಪನ್ನು ಹಿಡಿಯ ಬುಡದಿಂದ ಮೊನೆಗೆ ನೇರವಾಗಿ ಎಳೆದು ಅಳೆದಿರಾ, ಇಲ್ಲ ಬಾಗಿನ ಜೊತೆ ಹಾಕಿದಿರಾ? ನೇರವಾಗಿ ಅಳೆಯುವುದೇ ರೂಢಿ. ಅದೇ ವರ್ಷದ ಭಾರಿ ಅಶ್ವದಳದ ಮಾದರಿಗೆ ಅಲಗು 97.5 ಸೆಂ.ಮೀ., ಬಾಗು ಬಹಳ ಕಡಿಮೆ, ಕಂಬಿ ನಾಲ್ಕು. ನೆಪೋಲಿಯನ್ ಕಾಲದ ‘ಹನ್ನೊಂದನೇ ವರ್ಷ’ದ ಹಗುರ ಮಾದರಿಯಲ್ಲೂ ಕಂಬಿ ಮೂರೇ, ಆದರೆ ಅಲಗು 88 ಸೆಂ.ಮೀ. ಆಸುಪಾಸು.

ಪ್ರಶ್ನೆ: ‘ಹನ್ನೊಂದನೇ ವರ್ಷ’ ಅಂದರೆ?

ಉತ್ತರ: ಕ್ರಾಂತಿಯ ನಂತರ ಫ್ರಾನ್ಸ್ ತನ್ನದೇ ಪಂಚಾಂಗ ಇಟ್ಟುಕೊಂಡಿತ್ತು. ಅದರ ಹನ್ನೊಂದನೇ ವರ್ಷ ಅಂದರೆ 1802ರ ಸೆಪ್ಟೆಂಬರಿನಿಂದ 1803ರ ಸೆಪ್ಟೆಂಬರ್. 1806ರ ಜನವರಿ 1ರಿಂದ ಆ ಪಂಚಾಂಗ ನಿಂತಿತು. ಶ್ರೀರಂಗಪಟ್ಟಣ ಬಿದ್ದಾಗ ಅವರ ಲೆಕ್ಕದಲ್ಲಿ ಏಳನೇ ವರ್ಷ. ಹಾಗಾಗಿ ಒಂಬತ್ತು, ಹನ್ನೊಂದು, ಹದಿಮೂರನೇ ವರ್ಷದ ಯಾವ ಮಾದರಿಯೂ ಟಿಪ್ಪುವಿನ ಕಾಲದ್ದಾಗಲು ಸಾಧ್ಯವಿಲ್ಲ.

ಪ್ರಶ್ನೆ: ಉಳಿದ ಅಕ್ಷರ ಓದುವುದು ಹೇಗೆ? ಅಲ್ಲಲ್ಲಿ ಸವೆದಿದೆ.

ಉತ್ತರ: ಉಜ್ಜಬೇಡಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಬೆನ್ನಿಗೆ ಸಮಾನಾಂತರವಾಗಿ, ಮೇಜಿನಷ್ಟೇ ಎತ್ತರದಲ್ಲಿ ಹಿಡಿದು ಫೋಟೋ ತೆಗೆಯಿರಿ. ಟಾರ್ಚನ್ನು ಒಮ್ಮೆ ಹಿಡಿಯ ಕಡೆಯಿಂದ, ಒಮ್ಮೆ ಮೊನೆಯ ಕಡೆಯಿಂದ ಬಿಟ್ಟು ನೋಡಿ. ಆಗಲೂ ಕಾಣದಿದ್ದರೆ ತೆಳು ಕಾಗದ ಇಟ್ಟು ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ತಿಕ್ಕಿ.

ಸಾಲಿನಲ್ಲಿ ಮೊದಲು ಕಾರ್ಖಾನೆ ಯಾರದ್ದು ಅಂತ ಬರುತ್ತದೆ, ಆಮೇಲೆ ಊರು, ತಿಂಗಳು, ವರ್ಷ. ಎಷ್ಟೋ ಅಲಗುಗಳಲ್ಲಿ ಕೊನೆಗೆ ಮಾದರಿಯ ಹೆಸರೂ ಇರುತ್ತದೆ. ‘ರೊಯಾಲ್’ ಇದ್ದರೆ ಅರಸರ ಕಾಲ, 1814ರಿಂದ 1848. ‘ಇಂಪೀರಿಯಾಲ್’ ಎರಡು ಸಲ ಬರುತ್ತದೆ: ಮೊದಲ ನೆಪೋಲಿಯನ್ನನ ಕಾಲದಲ್ಲಿ 1804ರಿಂದ, ಮತ್ತೆ 1852ರಿಂದ 1870ರವರೆಗೆ. ‘ನಾಸಿಯೊನಾಲ್’ ಕೂಡ ಹಾಗೆಯೇ, 1804ಕ್ಕೆ ಮುಂಚೆ ಒಮ್ಮೆ, 1848ರಿಂದ 1852ರ ನಡುವೆ ಒಮ್ಮೆ. 1870ರ ನಂತರದವುಗಳಲ್ಲಿ ಬರೀ ‘ಆಯುಧ ಕಾರ್ಖಾನೆ’ ಎಂಬ ಅರ್ಥದ ಪದ. ನಿಮ್ಮದು 1834, ಅಂದರೆ ‘ರೊಯಾಲ್’ನ ಕಿರುರೂಪ ಇರಬೇಕು. ‘ಇಂಪೀರಿಯಾಲ್’ ಕಂಡರೆ ಅದು ನಕಲಿ ಬರಹ, ಮುಂದೆ ಮಾತಾಡುವುದೇ ಬೇಡ.

ತಿಂಗಳಲ್ಲಿ ಒಂದು ಎಡವಟ್ಟು ಆಗುತ್ತದೆ. 7ರ ಪಕ್ಕ ಚಿಕ್ಕದಾಗಿ ‘ಬ್ರ್’ ಅಂತಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ‘ಸೆಪ್ಟ್’ ಅಂದರೆ ಏಳು. ಹಾಗೆಯೇ 8 ಅಂದರೆ ಅಕ್ಟೋಬರ್, 9 ಅಂದರೆ ನವೆಂಬರ್.

ಇನ್ನೊಂದು ಮಾತು. 1822 ಎನ್ನುವುದು ಮಾದರಿ ಒಪ್ಪಿಗೆಯಾದ ವರ್ಷ. ಆ ಮಾದರಿಯನ್ನು ದಶಕಗಟ್ಟಲೆ ತಯಾರಿಸಿದರು. ಈ ಕತ್ತಿ ತಯಾರಾದ ವರ್ಷ ಬೇರೆ ಅಂಕಿ, ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ಬರಹವನ್ನೇ ಈಗ ಕೊರೆಸಿದ್ದರೆ? ನಮ್ಮ ದೇಶದಲ್ಲೇ ಇಂಥ ಕತ್ತಿ ಮಾಡುತ್ತಾರಂತೆ.

ಉತ್ತರ: ಹೌದು, ಮಾಡುತ್ತಾರೆ, ಪ್ರತಿಕೃತಿ ಎಂದೇ ಮಾರುತ್ತಾರೆ. ಎರಡನೇ, ಮೂರನೇ ಕೈಗೆ ಹೋದ ಮೇಲೆ ಅದೇ ‘ಹಳೆಯದು’ ಆಗಿಬಿಡುತ್ತದೆ. ಭೂತಗನ್ನಡಿ ಹಿಡಿದು ಒಂದೇ ಒಂದು ಅಕ್ಷರ ನೋಡಿ. ಕೈಯಿಂದ ಉಳಿಯಲ್ಲಿ ಕೊರೆದ ಗೆರೆ ಒಂದು ಕಡೆ ಕೂದಲಿನಷ್ಟು ಸಣ್ಣಗೆ ಶುರುವಾಗಿ, ತಿರುವಿನಲ್ಲಿ ಅಗಲವಾಗಿ, ಮತ್ತೆ ಸಣ್ಣಗಾಗುತ್ತದೆ. ಅಡಿ ಚೂಪಾದ ಕಾಲುವೆಯಂತಿರುತ್ತದೆ. ಆಸಿಡ್‌ನಲ್ಲಿ ತಿನ್ನಿಸಿದ ಅಕ್ಷರ ಎಲ್ಲೆಡೆ ಒಂದೇ ಆಳ, ಅಂಚು ಮಂಕು, ತಳ ಚಪ್ಪಟೆ. ಜೊತೆಗೆ ಬೆನ್ನೆಲ್ಲ ತುಕ್ಕಿನ ಕುಳಿ ಬಿದ್ದು ಅಕ್ಷರ ಮಾತ್ರ ಹೊಸದಾಗಿದ್ದರೆ ಅನುಮಾನಪಡಿ. ಕುಳಿ ಅಕ್ಷರದ ಮೇಲೂ ಹಾದುಹೋಗಿರಬೇಕು.

ಮುಂದೆ ಹಿಡಿಯ ತುದಿ. ಅಲಗಿನ ಬಾಲ ಹಿಡಿಯೊಳಗೆ ಹಾದು ಮೇಲೆ ಬಂದು, ಅಲ್ಲಿ ರಿವಿಟ್ಟಿನ ಹಾಗೆ ಬಡಿದು ಕೂರಿಸಿರುತ್ತಾರೆ. ನಟ್ ಕಂಡರೆ ಅದು ಪ್ರತಿಕೃತಿ. ರಿವಿಟ್ಟಿನ ಸುತ್ತ ಹಿತ್ತಾಳೆಯಲ್ಲಿ ಹೊಸ ಸುತ್ತಿಗೆ ಏಟು ಕಂಡರೆ ಯಾರೋ ಬಿಚ್ಚಿ ಮತ್ತೆ ಜೋಡಿಸಿದ್ದಾರೆ. ಆಗ ಅಲಗು ಒಂದು ಕತ್ತಿಯದ್ದು, ಹಿಡಿ ಇನ್ನೊಂದರದ್ದು ಆಗಿರಬಹುದು.

ವರ್ನಿಯರ್ ಇದ್ದರೆ ಬೆನ್ನಿನ ದಪ್ಪವನ್ನು ನಾಲ್ಕು ಕಡೆ ಅಳೆಯಿರಿ. ಅಸಲಿಯಲ್ಲಿ ಹಿಡಿಯ ಬಳಿಯ ದಪ್ಪ ಮೊನೆಯ ಕಡೆ ಹೋಗುತ್ತಾ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಗ್ಗದ ಪ್ರತಿಕೃತಿಯನ್ನು ಪಟ್ಟಿಯಿಂದ ಕತ್ತರಿಸಿರುತ್ತಾರೆ, ದಪ್ಪ ಹೆಚ್ಚೇನೂ ಬದಲಾಗದು, ಕೈಯಲ್ಲಿ ಸಲಾಕೆ ಹಿಡಿದಂತಿರುತ್ತದೆ. ಹಿತ್ತಾಳೆ ಕಂಬಿಗಳ ಒಳಬದಿಗೆ ಬೆರಳಾಡಿಸಿ. ಎರಕದ ಗುಳಿ, ಅರದ ಗೀರು ತಗುಲಿದರೆ ಒಳ್ಳೆಯ ಲಕ್ಷಣವಲ್ಲ. ಸರ್ಕಾರಿ ಕೆಲಸದಲ್ಲಿ ಒಳಬದಿಯನ್ನೂ ನಯ ಮಾಡಿ, ಪರೀಕ್ಷಕರು ಸಣ್ಣ ಅಕ್ಷರದ ಮುದ್ರೆ ಒತ್ತುತ್ತಿದ್ದರು. ಅಲಗಿನ ಬುಡದಲ್ಲೂ ಅಂಥ ಮುದ್ರೆಗಳಿರುತ್ತವೆ.

ಪ್ರಶ್ನೆ: ಮಧ್ಯೆ ಬರುತ್ತಿದ್ದೇನೆ. ನನ್ನ ಹತ್ತಿರ ಇಂಥದ್ದೇ ಇದೆ, ಬೆನ್ನಿನ ಮೇಲೆ ಏನೂ ಇಲ್ಲ. ಬುಡದಲ್ಲಿ ‘ಯು.ಎಸ್.’ ಅಂತಿದೆ.

ಉತ್ತರ: ಅದು ಅಮೆರಿಕದ್ದು. ಅವರ 1840ರ ಮಾದರಿಯನ್ನು ಫ್ರೆಂಚರ 1822ರದ್ದನ್ನು ನೋಡಿಯೇ ಮಾಡಿದ್ದು. ಅದೂ ಸಂಗ್ರಹಕ್ಕೆ ಯೋಗ್ಯವೇ, ಫ್ರೆಂಚ್ ಅಂತ ಚೀಟಿ ಅಂಟಿಸಬೇಡಿ ಅಷ್ಟೆ.

ಪ್ರಶ್ನೆ: ಒರೆಯಲ್ಲಿ ಏನು ನೋಡಬೇಕು? ಅಲಗಿನ ಮೇಲೆ ಅಲ್ಲಲ್ಲಿ ಕೆಂಪು ತುಕ್ಕೂ ಇದೆ. ಹುಣಸೆಹಣ್ಣು ಹಾಕಿ ತೊಳೆಯಲಾ?

ಉತ್ತರ: ದಯವಿಟ್ಟು ಹುಣಸೆಹಣ್ಣು, ನಿಂಬೆ, ವಿನಿಗರ್ ಯಾವುದೂ ಬೇಡ. ದೀಪ, ಚೊಂಬಿಗೆ ಸರಿ. ಇಲ್ಲಿ ಹುಳಿ ನೀರು ಹಿತ್ತಾಳೆಗೂ ಕಬ್ಬಿಣಕ್ಕೂ ನಡುವಿನ ಸಂದಿಗೆ, ಹಿಡಿಯ ಚರ್ಮದ ಕೆಳಗೆ ಇಳಿಯುತ್ತದೆ. ಕಣ್ಣಿಗೆ ಬೀಳದ ಬಾಲಕ್ಕೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯ ಕಂದು ಬಣ್ಣ ಹೋದರೆ ಬೆಲೆಯೂ ಇಳಿಯುತ್ತದೆ.

ಕೆಂಪು ತುಕ್ಕಿನ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಸವರಿ 24 ಗಂಟೆ ಬಿಡಿ. ತಾಮ್ರದ ಚೂರಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆದು, ಗೀರು ಬೀಳದು. ಉಳಿದದ್ದಕ್ಕೆ ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್, ಎಣ್ಣೆ ಹಚ್ಚಿ, ಅಲಗಿನ ಉದ್ದಕ್ಕೆ ಮಾತ್ರ, ವೃತ್ತಾಕಾರದಲ್ಲಿ ಬೇಡ. ಕಪ್ಪು ಪದರವನ್ನು ಮುಟ್ಟಬೇಡಿ, ಅದು ಬೆಳೆಯುವುದಿಲ್ಲ. ಸ್ಪಿರಿಟ್‌ನಲ್ಲಿ ಒರೆಸಿ, ಸೂಕ್ಷ್ಮಸ್ಫಟಿಕ ಮೇಣವನ್ನು (ಮೈಕ್ರೋಕ್ರಿಸ್ಟಲಿನ್ ವ್ಯಾಕ್ಸ್) ತೆಳುವಾಗಿ ಹಚ್ಚಿ.

ಒರೆಯ ಬಾಯಿಯ ಬಳಿ ಅಂಕಿ ಇರಬಹುದು. ಅದು ಹಿಡಿಯ ಅಂಕಿಗೆ ಹೊಂದಿದರೆ ಜೋಡಿ ಬೇರೆಯಾಗಿಲ್ಲ ಎಂದರ್ಥ, ಬೆಲೆ ಹೆಚ್ಚು. ನಿಮ್ಮದಕ್ಕೆ ಎರಡು ಬಳೆ ಇರುವುದು ಒಳ್ಳೆಯದು. 1880ರ ದಶಕದಲ್ಲಿ ಎಷ್ಟೋ ಒರೆಗಳಿಂದ ಕೆಳಗಿನ ಬಳೆ ತೆಗೆಸಿದ್ದರು. ಒಂದೇ ಬಳೆಯ ಒರೆ ಕಂಡರೂ ಮುರಿದದ್ದು ಅಂದುಕೊಳ್ಳಬೇಡಿ, ಬೆಸುಗೆಯ ಗುರುತು ಹುಡುಕಿ. ಒರೆಯೊಳಗೆ ಎಣ್ಣೆ ಸುರಿಯಬೇಡಿ, ಮರದ ಪಟ್ಟಿಗಳಿದ್ದರೆ ಜಿಡ್ಡು ಕಟ್ಟಿ ಅಲಗು ಸಿಕ್ಕಿಕೊಳ್ಳುತ್ತದೆ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಅಲಗನ್ನು ಒರೆಯಿಂದ ಹೊರಗಿಟ್ಟರೆ ಒಳ್ಳೆಯದು.

ಪ್ರಶ್ನೆ: ಮನೆಯಲ್ಲಿಡಲು ಕಾನೂನಿನ ತೊಡಕು?

ಉತ್ತರ: 1959ರ ಆಯುಧ ಕಾಯ್ದೆಯಡಿಯ ನಿಯಮಗಳಲ್ಲಿ ಖಡ್ಗದ ಹೆಸರು ಇದೆ. ನಿಮ್ಮ ಪ್ರದೇಶಕ್ಕೆ ಪರವಾನಗಿ ಬೇಕೇ ಎಂದು ಜಿಲ್ಲಾಧಿಕಾರಿ ಅಥವಾ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಹೊರದೇಶದಿಂದ ತರಿಸುವುದಾದರೆ ದುಡ್ಡು ಕಟ್ಟುವ ಮುಂಚೆಯೇ ಕಸ್ಟಮ್ಸ್‌ನವರನ್ನು ಕೇಳಿ. ಮಾರುವವರಿಂದ ಅಳತೆ, ಬೆನ್ನಿನ ಬರಹ, ಮುದ್ರೆಗಳ ಫೋಟೋ ಸಹಿತ ರಸೀದಿ ಬರೆಸಿಕೊಳ್ಳಿ. ಅದರಲ್ಲಿ ಟಿಪ್ಪುವಿನ ಹೆಸರು ಸೇರಿಸಲು ಬಿಡಬೇಡಿ.