ಪದಚರ್ಚೆ: ಡೀಸೆಲ್ ಗಾಡಿ ‘ಬಿಸಿಯಲ್ಲಿ ಸ್ಟಾರ್ಟ್ ಆಗಲ್ಲ’ – ಬೋರ್ಡಿಗೆ ಯಾವ ಪದ? (ಗುರುವಾರಕ್ಕೆ ಬೇಕು)

ಎಲ್ಲರಿಗೂ ನಮಸ್ಕಾರ.

ಮೊನ್ನೆ ಕೇಳಿದ ಪ್ರಶ್ನೆಗೆ ಇಷ್ಟು ಜನ ಬರೆದಿದ್ದೀರಿ, ಖುಷಿಯಾಯಿತು. ಆದರೆ ಪದ ಇನ್ನೂ ಸಿಕ್ಕಿಲ್ಲ, ಪೇಂಟರ್ ಗುರುವಾರ ಬರುತ್ತಾನೆ. ಹೊಸಬರಿಗಾಗಿ ಮತ್ತೆ ಹೇಳುತ್ತೇನೆ. ಕುಮಟಾದಲ್ಲಿ ಹೆದ್ದಾರಿ ಬದಿಗೆ ನನ್ನ ತಮ್ಮನ ಗ್ಯಾರೇಜ್ ಇದೆ. ಗಿರಾಕಿಗಳು ನೋಡಿ ತೊಂದರೆ ಹೇಳಲಿ ಅಂತ ಗೋಡೆಗೆ ಒಂದು ಪಟ್ಟಿ ಬರೆಸುತ್ತಿದ್ದೇವೆ. ಒಂದೇ ಸಾಲು ಬಾಕಿ: ಓಡಿ ಬಂದ ಡೀಸೆಲ್ ಗಾಡಿಯನ್ನು ಬಂದ್ ಮಾಡಿ, ಇಂಜಿನ್ ಇನ್ನೂ ಬಿಸಿ ಇರುವಾಗ ಮತ್ತೆ ಹೊಡೆದರೆ ಸ್ಟಾರ್ಟ್ ಆಗದ ತೊಂದರೆಗೆ ಏನು ಬರೆಯುವುದು? ಸ್ಟಾರ್ಟ್ ಆಗುವುದಕ್ಕೆ ನಾನು ‘ಚಾಲೂ’ ಅಂತ ಬರೆದಿದ್ದೆ.

ಈ ಸಾಲಿಗೆ ಯಾಕಿಷ್ಟು ಹಟ ಅಂತ ಒಬ್ಬರು ಕೇಳಿದ್ದಾರೆ. ಹೋದ ತಿಂಗಳು ದೇವಿಮನೆ ಘಟ್ಟದಿಂದ ಒಂದು ಫೋನ್ ಬಂತು. ‘ಗಾಡಿ ಬಿಸಿಯಾಗಿ ನಿಂತಿದೆ’ ಎಂದರು. ಘಟ್ಟದಲ್ಲಿ ಆ ಮಾತಿಗೆ ಒಂದೇ ಅರ್ಥ: ರೇಡಿಯೇಟರ್ ಕುದಿಯುತ್ತಿದೆ. ತಮ್ಮ ಎರಡು ಕ್ಯಾನ್ ನೀರು, ಒಂದು ಹೋಸ್ ಪೈಪ್ ಹಿಡಿದು ಓಡಿದ. ನೋಡಿದರೆ ನೀರು ಭರ್ತಿ ಇದೆ, ಟೆಂಪರೇಚರ್ ಮುಳ್ಳು ನಡುವೆಯೇ ಇದೆ. ಅವರು ಚಾ ಕುಡಿಯಲು ಹತ್ತು ನಿಮಿಷ ಗಾಡಿ ಬಂದ್ ಮಾಡಿದ್ದರು, ಅಷ್ಟೇ. ಆಮೇಲೆ ಸೆಲ್ಫ್ ಗರಗರ ತಿರುಗುತ್ತದೆ, ಇಂಜಿನ್ ಏಳುವುದಿಲ್ಲ. ಒಂದು ತಾಸು ಬಿಟ್ಟು ಹೊಡೆದರೆ ಏನೂ ಆಗದವರ ಹಾಗೆ ಚಾಲೂ ಆಯಿತು. ಬೇನೆಯೇ ಬೇರೆ, ಮದ್ದೇ ಬೇರೆ. ಹಾಗಾಗಿ ‘ಬಿಸಿ’ ಬೇಡ. ಅದನ್ನು ಇನ್ನು ಯಾರೂ ಸೂಚಿಸಬೇಡಿ.

‘ಕಾದ ಇಂಜಿನ್’ ಸೂಚಿಸಿದವರಿಗೆ ನನ್ನ ಮನಸ್ಸು ಒಲಿದಿತ್ತು. ಕಾಯು, ಕಾವು, ಕಾಸು, ದೋಸೆ ಹೊಯ್ಯುವ ಕಾವಲಿ ಎಲ್ಲ ಒಂದೇ ಬೇರಿನ ಮಕ್ಕಳು. ತಮಿಳಿನಲ್ಲೂ ‘ಕಾಯ್’ ಇದೆ. ಕೋಳಿ ಮೊಟ್ಟೆಗೆ ಕೊಡುವುದು ಬಿಸಿಯಲ್ಲ, ಕಾವು. ಒಳಗೆ ನಿಂತ ಶಾಖಕ್ಕೆ ಇದಕ್ಕಿಂತ ಚಂದದ ಪದ ಇಲ್ಲ, ಇದು ನನ್ನ ಖಚಿತ ಅಭಿಪ್ರಾಯ. ಆದರೆ ‘ಕಾದ ಗಾಡಿ’ ಅಂತ ಬರೆದು ಅಕ್ಕನಿಗೆ ತೋರಿಸಿದೆ. ‘ಯಾರಿಗೆ ಕಾದದ್ದು?’ ಅಂದಳು. ಎರಡು ‘ಕಾಯು’ ನಡುವೆ ಬೋರ್ಡ್ ಸಿಕ್ಕಿಹಾಕಿಕೊಳ್ಳುತ್ತದೆ. ಬಿಟ್ಟೆ.

‘ಚಾಲೂ ಕನ್ನಡವಲ್ಲ, ತೆಗೆಯಿರಿ’ ಅಂತ ಒಂದೇ ಸಾಲಿನ ಉತ್ತರ ಬಂದಿದೆ. ತೆಗೆಯುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು; ಆ ಕಡೆಯ ಇಂಥ ಮಾತುಗಳು ನಮ್ಮವೇ ಆಗಿವೆ. ಕಾರವಾರದ ಬೈತಖೋಲದಲ್ಲಿ ಬೋಟ್ ಚಾಲೂ ಆಗುತ್ತದೆ, ಶಿರಸಿಯಲ್ಲಿ ಅಡಿಕೆ ತೋಟದ ಪಂಪ್ ಚಾಲೂ ಆಗುತ್ತದೆ. ಗಾಡಿಯ ‘ಚಾವಿ’ ಪೋರ್ಚುಗೀಸರಿಂದ ಬಂದದ್ದು, ತಿಂಗಳ ‘ಪಗಾರ’ವೂ ಅಲ್ಲಿಂದಲೇ. ಅವನ್ನೂ ವಾಪಸ್ ಕೊಡೋಣವಾ? ಚಾಲೂ ಬದಲಿಗೆ ಆ ಉತ್ತರ ಬರೆದವರು ಕೊಟ್ಟ ‘ಹೊತ್ತಿಸು’ ಆಗುವುದೇ ಇಲ್ಲ. ಗಾಡಿ ಹೊತ್ತಿತು ಅಂದರೆ ಬೆಂಕಿ ಬಿತ್ತು ಅಂತಲೇ ಜನ ಓದುತ್ತಾರೆ.

‘ಹಿಡಿ’ ಅಂತ ಬರೆಯಿರಿ ಎಂದವರೂ ಇದ್ದಾರೆ. ಅದು ಅಚ್ಚಕನ್ನಡ, ಮೆಕ್ಯಾನಿಕ್‌ಗಳೂ ‘ಇಂಜಿನ್ ಹಿಡೀತಾ ಇಲ್ಲ’ ಅನ್ನುತ್ತಾರೆ, ನಿಜ. ಆದರೆ ಸೊಂಟವೂ ಹಿಡಿಯುತ್ತದೆ, ಬ್ರೇಕೂ ಹಿಡಿಯುತ್ತದೆ. ಸೀಜ್ ಆದ, ಅಂದರೆ ಒಳಗೆ ಬಿಗಿದು ತಿರುಗದ, ಇಂಜಿನ್ನಿಗೂ ‘ಹಿಡಿದುಕೊಂಡಿದೆ’ ಅನ್ನುತ್ತೇವೆ. ಬಾಯಲ್ಲಿ ಸರಿ, ಗೋಡೆ ಮೇಲೆ ಬೇಡ.

ನಿನ್ನೆ ತಮ್ಮನ ಹತ್ತಿರ ಕೂತು ಕೆಲಸ ನೋಡಿದ ಮೇಲೆ ನನಗೊಂದು ಹೊಳೆಯಿತು. ಇದೇ ಬೇನೆಯ ಒಂದು ಗಾಡಿಯಲ್ಲಿ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕು ನೋಝಲ್‌ಗಳ ರಿಟರ್ನ್ ಪೈಪ್ (ಮಿಕ್ಕ ಡೀಸೆಲ್ ವಾಪಸ್ ಹೋಗುವ ಪೈಪ್) ಬಿಚ್ಚಿ, ಒಂದೊಂದಕ್ಕೆ ಒಂದೊಂದು ಸಣ್ಣ ಬಾಟಲಿ ಕಟ್ಟಿ, ಇಂಜಿನ್ ಓಡಿಸಿದ. ಮೂರರಲ್ಲಿ ಬೆರಳಗಲ ಡೀಸೆಲ್ ಬಂತು. ಮೂರನೇ ನೋಝಲಿನ ಬಾಟಲಿ ಮಾತ್ರ ಕುತ್ತಿಗೆಯವರೆಗೆ ತುಂಬಿತು. ಓಡಿದ ಇಂಜಿನ್ನಲ್ಲಿ ಡೀಸೆಲ್ ತೆಳ್ಳಗಾಗುತ್ತದೆ, ಸವೆದ ನೋಝಲಿನಿಂದ ಜಾಸ್ತಿ ವಾಪಸ್ ಹೋಗುತ್ತದೆ. ಸೆಲ್ಫ್ ಹೊಡೆಯುವಾಗ ರೈಲಿನಲ್ಲಿ (ಎಲ್ಲ ನೋಝಲಿಗೂ ಡೀಸೆಲ್ ಹಂಚುವ ಕೊಳವೆಯಲ್ಲಿ) ಪ್ರೆಶರ್ ಏರುವುದಿಲ್ಲ. ಬಹಳ ಗಾಡಿಗಳಲ್ಲಿ 200 ಬಾರ್ ಆಸುಪಾಸು ಪ್ರೆಶರ್ ಬರುವವರೆಗೆ ಗಾಡಿಯ ಕಂಪ್ಯೂಟರ್ ನೋಝಲ್ ತೆರೆಯುವುದೇ ಇಲ್ಲ. ತಣಿದರೆ ಡೀಸೆಲ್ ಮತ್ತೆ ಮಂದವಾಗುತ್ತದೆ, ಗಾಡಿ ಏಳುತ್ತದೆ. ಈ ರೈಲ್ ಇಲ್ಲದ ಹಳೇ ಪಂಪ್ ಗಾಡಿಗಳಲ್ಲಿ ಪಂಪ್ ಮೇಲೆ ತಣ್ಣೀರಿನ ಬಟ್ಟೆ ಹಾಕಿ ಪರೀಕ್ಷಿಸುತ್ತಿದ್ದರಂತೆ. ಕೆಲವು ಸಲ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಭಾಗ) ಕಾವಿಗೆ ಕೈಕೊಡುತ್ತದೆ, ಅದೂ ತಣಿದರೆ ಸರಿ. ಬೆಳಿಗ್ಗೆ ಏಳದ ಗಾಡಿಗೆ ಮಾತ್ರ ಮೊದಲು ನೋಡುವುದು ತಣ್ಣಗಿನ ಇಂಜಿನ್ನಿಗೆ ಕಾವು ಕೊಡುವ ಹೀಟರ್ ಪ್ಲಗ್, ಬ್ಯಾಟರಿ.

ಹಾಗಾದರೆ ಗಿರಾಕಿ ಹೇಳಬೇಕಾದ್ದು ಎಷ್ಟು ಬಿಸಿ ಅಂತಲ್ಲ, ಗಾಡಿ ಯಾವಾಗ ಏಳಲಿಲ್ಲ ಅಂತ. ನನ್ನ ಕರಡು ಹೀಗಿದೆ:

ರಾತ್ರಿ ನಿಂತ ಗಾಡಿ ಬೆಳಿಗ್ಗೆ ಚಾಲೂ ಆಗುವುದಿಲ್ಲ.
ಓಡಿ ನಿಂತ ಗಾಡಿ ಕೂಡಲೇ ಚಾಲೂ ಆಗುವುದಿಲ್ಲ.

‘ಓಡಿ ನಿಂತ’ ಅಂದಾಗ ದಾರಿಯಲ್ಲಿ ತಾನಾಗಿ ಬಂದ್ ಬಿದ್ದದ್ದು ಅಂತ ಯಾರಾದರೂ ಓದಬಹುದಾ? ನನಗೆ ಅದೊಂದೇ ಅನುಮಾನ. ‘ಓಡಿಸಿ ನಿಲ್ಲಿಸಿದ’ ಅಂದರೆ ಅನುಮಾನ ಹೋಗುತ್ತದೆ, ಆದರೆ ಸಾಲು ಉದ್ದವಾಗುತ್ತದೆ. ಹೊನ್ನಾವರ, ಅಂಕೋಲೆ ಕಡೆಯವರು ನಿಮ್ಮ ಮನೆಯಲ್ಲಿ ಓದಿಸಿ ಬುಧವಾರ ರಾತ್ರಿಯೊಳಗೆ ಬರೆಯಿರಿ. ಚಾಲೂ ಬಗ್ಗೆ ಜಗಳ ಇದ್ದರೆ ಬೇರೆ ಎಳೆ ಶುರು ಮಾಡಿ, ಅಲ್ಲಿಗೂ ಬರುತ್ತೇನೆ.