ಸಹಾಯ ಬೇಕು: ಇಂಡೋನೇಷ್ಯನ್–ಸ್ವೀಡಿಷ್ ಹೋಲಿಕೆ ಪಟ್ಟಿಯಲ್ಲಿ ಎರಡು ಸಿಕ್ಕು

ಗೆಳೆಯರೇ, ಕನ್ನಡಿಗರಿಗಾಗಿ ಈ ಎರಡು ಭಾಷೆಗಳ ವ್ಯಾಕರಣ ಹೋಲಿಸುವ ಪಟ್ಟಿ ತಯಾರಾಗುತ್ತಿದೆ. ಕ್ರಿಯಾಪದ ಸಲೀಸು: ನಾನು, ನೀನು, ಅವಳು, ಯಾರಾದರೂ ಎರಡರಲ್ಲೂ ರೂಪ ಒಂದೇ. ನಮ್ಮ ಬಂದೆ-ಬಂದಳು ತಲೆನೋವಿಲ್ಲ. ಕಾಲ ತಿಳಿಸಲು ಸ್ವೀಡಿಷ್ 'ಸ್ಕ್ರೀವೆರ್' (ಬರೆಯುತ್ತೇನೆ, ಬರೆಯುತ್ತಾಳೆ) ಅನ್ನು 'ಸ್ಕ್ರೇವ್' (ಬರೆದೆ, ಬರೆದಳು) ಮಾಡುತ್ತದೆ, ಇಂಡೋನೇಷ್ಯನ್ 'ಸುದಾಹ್' (ಆಗಲೇ ಆಗಿದೆ), 'ಆಕನ್' (ಮುಂದೆ ಆಗಲಿದೆ) ಸೇರಿಸಿ ಮುಗಿಸುತ್ತದೆ.

ಸಿಕ್ಕು ನಾಮಪದದಲ್ಲಿ. ಸ್ವೀಡಿಷ್‌ನ 'ಬೂಕ್' ಪುಸ್ತಕ, 'ಬೂಕೆನ್' ಗೊತ್ತಿರುವ ಆ ಪುಸ್ತಕ. ಇಂಡೋನೇಷ್ಯನ್‌ನ 'ಬುಕುನ್ಯ' ಆ ಪುಸ್ತಕವೂ ಹೌದು, ಅವನ ಪುಸ್ತಕವೂ ಹೌದು. 'ಬೂಕೆನ್', 'ಬುಕುನ್ಯ' ಎರಡನ್ನೂ ಪಟ್ಟಿಯ ಒಂದೇ ಸಾಲಿಗೆ ಹಾಕಬಹುದೇ?

ಇನ್ನೊಂದು ಇಂಡೋನೇಷ್ಯನ್ ನಿಘಂಟಿನದು. 'ಮೆನುಲಿಸ್' (ಬರೆಯುವುದು) ಬೇಕೆಂದರೆ ಅದರ ಮೂಲ ಪದ 'ತುಲಿಸ್' ತೆರೆಯಬೇಕು. ಮುಂದೆ 'ಮೆ' ಪ್ರತ್ಯಯ ಹತ್ತಿದಾಗ ತ ಬಿದ್ದು ನ ಬರುತ್ತದೆ. ಆದರೆ 'ಮೆನಂತಿ'ಯ (ಕಾಯುವುದು) ಮೂಲ 'ನಂತಿ'ಯೇ! ಮೊದಲು ತ, ಸಿಗದಿದ್ದರೆ ನ ನೋಡಿ ಎನ್ನುವುದಕ್ಕಿಂತ ಒಳ್ಳೆಯ ಸೂತ್ರ ಬಲ್ಲವರು ದಯವಿಟ್ಟು ಉದಾಹರಣೆ ಸಮೇತ ತಿಳಿಸಿ.